ತಡವಾಗಿ ನುಡಿಯುವ ಗಾಲಿ

ಎತ್ತಿನ ಬಂಡಿ ಕಿರುಗುಟ್ಟಿದರೆ ಅಚ್ಚಿಗೆ ಎಣ್ಣೆ ಬೇಕಾಗಿದೆ ಎಂದು ಅರ್ಥ. ಜೀಪಿನ ಗಾಲಿ ಗೊರಗುಟ್ಟಿದರೆ ಗ್ರೀಸು ಹಾಕುವ ಕಾಲ ದಾಟಿಹೋಗಿದೆ ಎಂದು ಅರ್ಥ. ಭೀಮಾ ಮತ್ತು ಕೃಷ್ಣೆಯರ ನಡುವಿನ ಶಹಾಪುರ, ಸುರಪುರ, ಭೀಮೆಯ ಆಚೆ ದಡದ ಯಾದಗಿರಿ, ಈ ಮೂರು ಊರುಗಳ ಸಾರಿಗೆಯ ಕಥೆಯನ್ನು ನಾವು ಸಾಮಾನ್ಯವಾಗಿ ಬಂಡಿ ಹೋಗಿ ಮೋಟಾರು ಬಂತು, ಕಚ್ಚಾ ದಾರಿ ಹೋಗಿ ಡಾಂಬರು ಬಂತು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಹಾಗೆ ಹೇಳಿದಾಗ ಕೈಬಿಟ್ಟುಹೋಗುವುದು ಗಾಲಿಯ ಸದ್ದನ್ನು ಅರ್ಥಮಾಡಿಕೊಳ್ಳುವ ವಿದ್ಯೆಯಲ್ಲಿ ಆದ ಪಲ್ಲಟ. ನಾಲ್ಕೂ ಗಾಲಿಗೆ ಎಳೆತವಿರುವ ಜೀಪು ಈ ನೆಲಕ್ಕೆ ಕಾಲಿಟ್ಟಾಗ ಬಂಡಿಯ ಕಾಲದ ಕಿವಿ ಸಾಲದಾಯಿತು. ಸದ್ದು ಬರುವ ಮೊದಲೇ ಗಾಲಿಯನ್ನು ಮುಟ್ಟಿ ನೋಡುವ, ಬಂದ ಮೇಲೆ ಅದನ್ನು ಹತ್ತು ಬಗೆಯಲ್ಲಿ ಪರೀಕ್ಷಿಸುವ ಹೊಸ ವಿದ್ಯೆ ಬೇಕಾಯಿತು. ಅದನ್ನು ಅನಿವಾರ್ಯಗೊಳಿಸಿದ್ದು ಗಾಡಿಯ ವಯಸ್ಸಿಗಿಂತ ಹೆಚ್ಚಾಗಿ ಇಲ್ಲಿನ ಎರೆಮಣ್ಣು ಮತ್ತು ನೀರು ಎಂಬುದು ನನ್ನ ವಾದ. ಉಪಕರಣವಿಲ್ಲದವರ ಅಂದಾಜು ಎಂದು ಈ ವಿದ್ಯೆಯನ್ನು ಕಡೆಗಣಿಸುವವರಿಗೂ ಇಲ್ಲಿ ಉತ್ತರ ಕೊಡಬೇಕಾಗಿದೆ.

ಮೊದಲು ಬಂಡಿಯನ್ನೇ ಸರಿಯಾಗಿ ನೋಡಬೇಕು. ಬಂಡಿಯ ಅಚ್ಚು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಗಾಲಿಗಳು ಮಾತ್ರ, ಒಂದರ ಹಂಗು ಇನ್ನೊಂದಕ್ಕಿಲ್ಲದಂತೆ ತಿರುಗುತ್ತವೆ. ಗಾಲಿಯ ನಡುವಿನ ಗುಂಬದೊಳಗೆ ಕಬ್ಬಿಣದ ಬಳೆ, ಅದರೊಳಗೆ ಅಚ್ಚಿನ ತುದಿ, ಗಾಲಿ ಜಾರಿಹೋಗದಂತೆ ಹೊರಗೆ ಕಡಾಣಿ. ಕಬ್ಬಿಣಕ್ಕೆ ಕಬ್ಬಿಣ ನೇರವಾಗಿ ಉಜ್ಜುವ ಈ ಏರ್ಪಾಟಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಬೂದಿ ಕಲಸಿದ ಕೀಲೆಣ್ಣೆಯೇ ಆಧಾರ. ಎಣ್ಣೆ ಒಣಗಿದ ಕೂಡಲೇ ಬಂಡಿ ಕೂಗುತ್ತದೆ, ಹಚ್ಚಿದ ಕೂಡಲೇ ಸುಮ್ಮನಾಗುತ್ತದೆ. ಕೂಗಿಗೂ ಕಾರಣಕ್ಕೂ ನಡುವೆ ಅಂತರವೇ ಇಲ್ಲ. ಗುಂಬದ ಬಳೆ ಸವೆದರೂ ಅದು ವರ್ಷಗಟ್ಟಲೆ ನಿಧಾನವಾಗಿ ಸವೆಯುತ್ತದೆ. ಗಾಲಿ ಓಲಾಡುವುದು ಕಣ್ಣಿಗೇ ಕಾಣುತ್ತದೆ. ಬಡಿಗೇರರ ಮನೆಗೋ ಕಂಬಾರರ ಕುಲುಮೆಗೋ ಒಯ್ದರೆ ಆಯಿತು. ಸುರಪುರ ಸೀಮೆಯಲ್ಲಿ ಈ ಕಸುಬುದಾರರ ಮಾನ ಸಣ್ಣದಲ್ಲ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರು ಬಡಿಗತನ, ಕಂಬಾರಿಕೆಗಳನ್ನು ಕುಲಕಸುಬಾಗಿ ಉಳ್ಳ ವಿಶ್ವಕರ್ಮ ಸಮುದಾಯದಿಂದಲೇ ಬಂದವರು.

ಈ ಬಂಡಿಗಳಿಗೆ ಹೆಚ್ಚಿನ ದುಡಿಮೆ ಬಂದದ್ದು ರೈಲಿನಿಂದ. ಸುತ್ತ ಗುಡ್ಡಗಳಿರುವ ಸುರಪುರಕ್ಕೆ ನಾಯಕರ ಆಳ್ವಿಕೆಯಲ್ಲಿ ದಾರಿಯ ದುರ್ಗಮತೆಯೇ ಒಂದು ರಕ್ಷಣೆಯಾಗಿತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದುಬಿದ್ದು, 1860ರಲ್ಲಿ ಸಂಸ್ಥಾನ ನಿಜಾಮರ ಕೈಸೇರಿತು. 1871ರಲ್ಲಿ ಮುಂಬಯಿ ಕಡೆಯ ಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿದಾಗ ಯಾದಗಿರಿ ಆ ಹಳಿದಾರಿಯ ಮೇಲಿನ ನಿಲ್ದಾಣವಾಯಿತು. ಶಹಾಪುರ, ಸುರಪುರಗಳಿಗೆ ಹಳಿ ಬರಲಿಲ್ಲ, ಇಂದಿಗೂ ಬಂದಿಲ್ಲ. ಹೀಗಾಗಿ ಹತ್ತಿ, ಜೋಳ, ಎಣ್ಣೆಕಾಳುಗಳು ಶಹಾಪುರದಿಂದ ಸುಮಾರು 35 ಕಿಲೋಮೀಟರ್, ಸುರಪುರದಿಂದ ಇನ್ನೂ 25 ಕಿಲೋಮೀಟರ್ ಹೆಚ್ಚು ನಡೆದು, ಭೀಮೆಯನ್ನು ದಾಟಿ ನಿಲ್ದಾಣ ಮುಟ್ಟಬೇಕಾಗಿತ್ತು. ನದಿ ದಾಟುವ ಬಂಡಿಯ ಗುಂಬದೊಳಗೆ ನೀರು ಹೊಕ್ಕರೆ ದೊಡ್ಡ ನಷ್ಟವೇನೂ ಇಲ್ಲ. ದಡ ಹತ್ತಿದ ಮೇಲೆ ಕಡಾಣಿ ತೆಗೆದು, ಗಾಲಿ ಸರಿಸಿ, ಒರೆಸಿ, ಕೀಲೆಣ್ಣೆ ಹಚ್ಚಿದರೆ ಮೊದಲಿನಂತೆಯೇ. ನೀರು ಮತ್ತು ಗಾಲಿಯ ನಡುವಿನ ಈ ಸುಲಭದ ಒಪ್ಪಂದ ಮುಂದೆ ಮುರಿದದ್ದನ್ನು ಗಮನಿಸಬೇಕು.

ಒಪ್ಪಂದ ಮುರಿದ ವಸ್ತು ಹುಟ್ಟಿದ್ದು ಕೂಡ ಕುದುರೆ ಗಾಡಿಗಾಗಿಯೇ. ಅಮೆರಿಕದ ಸೇಂಟ್ ಲೂಯಿಸ್‌ನ ಹೆನ್ರಿ ಟಿಮ್ಕೆನ್ ಗಾಡಿ ತಯಾರಕ. ತಿರುವಿನಲ್ಲಿ ಗಾಲಿಯ ಮೇಲೆ ಭಾರ ಮೇಲಿನಿಂದ ಮಾತ್ರವಲ್ಲ, ಪಕ್ಕದಿಂದಲೂ ಒತ್ತುತ್ತದೆ. ನೇರ ರೋಲರುಗಳು ಆ ಪಕ್ಕದ ಒತ್ತಡಕ್ಕೆ ತಡೆಯಲಾರವು. ಒಂದು ಕಡೆ ಸಣ್ಣಗಾಗುತ್ತ ಹೋಗುವ ರೋಲರುಗಳನ್ನು ಓರೆಯಾದ ಬಟ್ಟಲಿನಲ್ಲಿ ಕೂರಿಸಿದರೆ ಎರಡೂ ಬಗೆಯ ಭಾರವನ್ನು ಅವು ಹೊರಬಲ್ಲವು ಎಂದು ಕಂಡುಕೊಂಡ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ. ನಮ್ಮ ಗ್ಯಾರೇಜುಗಳಲ್ಲಿ ಕಪ್ಪು ಮತ್ತು ಕೋನು ಎಂದು ಕರೆಯುವ ಜೋಡಿ ಇದೇ. ಜೀಪಿನ ಮುಂದಿನ ಪ್ರತಿ ಗಾಲಿಯ ಹಬ್ಬಿನಲ್ಲಿ ಇಂಥ ಎರಡು ಬೇರಿಂಗುಗಳು ಒಂದಕ್ಕೊಂದು ಎದುರಾಗಿ ಕುಳಿತಿರುತ್ತವೆ. ಇಲ್ಲಿ ಉಜ್ಜಾಟವಿಲ್ಲ, ಉರುಳಾಟ ಮಾತ್ರ. ಆದ್ದರಿಂದ ಒಳ್ಳೆಯ ಬೇರಿಂಗು ಸದ್ದು ಮಾಡುವುದೇ ಇಲ್ಲ. ಗ್ರೀಸು ಕಡಿಮೆಯಾದ ಮೊದಲ ದಿನವೂ ಮಾಡುವುದಿಲ್ಲ. ಉಕ್ಕಿನ ನುಣುಪು ಮೈಮೇಲೆ ಚುಕ್ಕೆಯಷ್ಟು ಗುಳಿ ಬಿದ್ದು, ಪ್ರತಿ ರೋಲರು ಆ ಗುಳಿಗೆ ಬಡಿದು ಹೋಗಲು ಶುರುವಾದ ಮೇಲೆಯೇ ಗೊರಗೊರ ಕೇಳಿಬರುವುದು. ಆಗ ಗ್ರೀಸು ತುಂಬಿದರೆ ಸದ್ದು ಎರಡು ದಿನ ಮಂದವಾದೀತು, ಗುಳಿ ಮುಚ್ಚುವುದಿಲ್ಲ. ಬಂಡಿಯ ಕಾಲದ ಅತ್ಯಂತ ನಂಬಿಗಸ್ತ ಪಾಠ, ಕೂಗಿದಾಗ ಎಣ್ಣೆ ಹಾಕು ಎಂಬುದು, ಇಲ್ಲಿ ತಲೆಕೆಳಗಾಯಿತು.

ಮೋಟಾರು ಈ ಸೀಮೆಗೆ ಹೊಸದಾಗಿ ಬಂದದ್ದು ಜೀಪಿನೊಂದಿಗೇನೂ ಅಲ್ಲ. ನಿಜಾಮ್ ಸಂಸ್ಥಾನದ ರೈಲ್ವೆಯೇ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಇಲಾಖೆಯನ್ನು ತೆರೆದಿತ್ತು. ಆದರೆ ಬಸ್ಸು ದಾರಿ ಇದ್ದಲ್ಲಿ ಹೋಗುವ ವಾಹನ. ಅದರ ಗಾಲಿ ನೀರಿಗಿಳಿಯುವುದು ಅಪರೂಪ, ದುರಸ್ತಿಗೆ ಅದರದೇ ಡಿಪೋ ಇರುತ್ತದೆ. ಜೀಪು ಬಂದದ್ದು ದಾರಿ ಇಲ್ಲದಲ್ಲಿಗೆ ಹೋಗಲು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ನಾಗರಿಕ ರೂಪವನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕ್ ಅಭಿವೃದ್ಧಿ ಅಧಿಕಾರಿ ಮತ್ತು ಜೀಪು ಹಳ್ಳಿಗರ ಮನಸ್ಸಿನಲ್ಲಿ ಒಂದೇ ಚಿತ್ರವಾದವು. 1956ರಲ್ಲಿ ಈ ಮೂರೂ ಊರುಗಳಿದ್ದ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯ ಸೇರಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಅಲ್ಲಿಂದ ಮುಂದೆ ನಾರಾಯಣಪುರದ ಅಣೆಕಟ್ಟು, ಎಡದಂಡೆ ಕಾಲುವೆ, ಅದರಿಂದ ಕವಲೊಡೆದ ಶಹಾಪುರ, ಮುಡಬೂಳ, ಜೇವರ್ಗಿ ಶಾಖಾ ಕಾಲುವೆಗಳು, ಶಹಾಪುರದ ಬಳಿ ಎಂಜಿನಿಯರುಗಳ ಊರಾಗಿಯೇ ಬೆಳೆದ ಭೀಮರಾಯನಗುಡಿ. ಅಳತೆಗೆ, ಮಣ್ಣುಕೆಲಸದ ಮೇಲ್ವಿಚಾರಣೆಗೆ, ಗೇಟುಗಳ ತಪಾಸಣೆಗೆ ಕಾಲುವೆಯ ಏರಿಯ ಮೇಲೆಯೇ ಓಡಾಡಬೇಕಾದ ಕೆಲಸವಿದು. ಅಂಥ ಕೆಲಸಕ್ಕೆ ಆ ಕಾಲದಲ್ಲಿ ಜೀಪಿಗೆ ಸಾಟಿಯಾದ ಗಾಡಿ ಇರಲಿಲ್ಲ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದು ನೀರು ಹರಿದಾಗ ಜೋಳ, ಸಜ್ಜೆ, ತೊಗರಿಯ ಒಣನೆಲದಲ್ಲಿ ಭತ್ತದ ಗದ್ದೆಗಳೆದ್ದವು. ಅದುವರೆಗೆ ಮಳೆಗಾಲದ ಕೆಲವು ತಿಂಗಳು ಮಾತ್ರ ರಾಡಿಯಾಗುತ್ತಿದ್ದ ಹೊಲದ ದಾರಿಗಳು ಕಾಲುವೆಗೆ ನೀರು ಬಿಟ್ಟ ಬೇಸಗೆಯಲ್ಲೂ ಒದ್ದೆಯಾದವು.

ನೀರು ಬೇರಿಂಗನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ವಿವರವಾಗಿ ನೋಡದೆ ಈ ವಾದ ನಿಲ್ಲುವುದಿಲ್ಲ. ಓಡಿ ಬಂದ ಗಾಡಿಯ ಹಬ್ಬು ಬಿಸಿಯಾಗಿರುತ್ತದೆ; ಬ್ರೇಕು ಹಿಡಿದಿದ್ದರೆ ಇನ್ನೂ ಬಿಸಿ. ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೆಯೇ ಹಳ್ಳಕ್ಕಿಳಿದರೆ ಉಕ್ಕು ಥಟ್ಟನೆ ತಣ್ಣಗಾಗಿ, ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಡಿಫರೆನ್ಷಿಯಲ್ ಇರುವ ಹೌಸಿಂಗಿಗೂ ಇದೇ ಗತಿ. ಅದಕ್ಕೆ ಉಸಿರಾಡಲು ಒಂದು ಸಣ್ಣ ಬ್ರೀದರ್ ಇರುತ್ತದೆ. ಅದು ಎರೆಮಣ್ಣು ಮೆತ್ತಿ ಮುಚ್ಚಿಹೋದರೆ ಬಿಸಿಯಾದಾಗ ಎಣ್ಣೆ ಸೀಲುಗಳ ಮೂಲಕ ಹೊರಕ್ಕೆ ಜಿನುಗುತ್ತದೆ, ತಣ್ಣಗಾದಾಗ ಅದೇ ಸೀಲುಗಳ ಮೂಲಕ ನೀರು ಒಳಕ್ಕೆ ಬರುತ್ತದೆ. ಎರೆಮಣ್ಣು ಸಾಮಾನ್ಯ ಧೂಳಲ್ಲ. ನೀರು ಕುಡಿದು ಉಬ್ಬುವ, ಒಣಗಿದರೆ ಬಿರುಕುಬಿಡುವ ಅತಿ ಸಣ್ಣ ಕಣಗಳ ಜೇಡಿ ಅದು. ಹಬ್ಬಿನ ಸುತ್ತ ಮೆತ್ತಿ ಒಣಗಿ ಗಟ್ಟಿಯಾಗಿ, ಸೀಲಿನ ತುಟಿಯನ್ನು ಪ್ರತಿ ಸುತ್ತಿಗೂ ಉಜ್ಜುತ್ತದೆ. ಒಳಹೊಕ್ಕ ನೀರು ಗ್ರೀಸಿನೊಡನೆ ಕಲೆತು ಹಾಲುಬಣ್ಣಕ್ಕೆ ತಿರುಗುತ್ತದೆ. ಗಾಡಿ ರಾತ್ರಿಯೆಲ್ಲ ನಿಂತಾಗ ರೋಲರು ಬಟ್ಟಲಿಗೆ ತಾಗಿದ ಪ್ರತಿ ಗೆರೆಯಲ್ಲೂ ತುಕ್ಕಿನ ಎಳೆ ಕೂರುತ್ತದೆ. ಬೇರಿಂಗು ಬಿಚ್ಚಿದಾಗ ಬಟ್ಟಲಿನ ಮೇಲೆ ಸಮ ಅಂತರದಲ್ಲಿ ಕಪ್ಪು ಗೆರೆಗಳು ಕಂಡರೆ, ಓಡಿ ಸವೆದದ್ದಕ್ಕಿಂತ ನಿಂತು ತುಕ್ಕು ಹಿಡಿದದ್ದೇ ಹೆಚ್ಚು ಎಂದು ತಿಳಿಯಬೇಕು. ಈ ಗೆರೆಗಳು ಮುಂದೆ ಗುಳಿಗಳಾಗುತ್ತವೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಸದ್ದಾಗುತ್ತವೆ. ಗಾಯವಾದದ್ದು ಸುರಪುರದ ಯಾವುದೋ ಹಳ್ಳದಲ್ಲಿ, ಸದ್ದು ಕೇಳಿದ್ದು ಯಾದಗಿರಿಯ ಡಾಂಬರಿನ ಮೇಲೆ. ಘಟನೆ ನಡೆದ ಬಹುಕಾಲದ ಮೇಲೆ, ಬೇರೊಂದು ಊರಿನಲ್ಲಿ ಬರೆದಿಟ್ಟ ದಾಖಲೆಯನ್ನು ಇತಿಹಾಸಕಾರ ಹೇಗೆ ಓದಬೇಕೋ ಈ ಸದ್ದನ್ನು ಹಾಗೆ ಓದಬೇಕು.

ಡಾಂಬರು ಎಂದದ್ದಕ್ಕೆ ಕಾರಣವಿದೆ. ಮೊರಂ ದಾರಿಯಲ್ಲಿ, ಹೊಲದ ಜಾಡಿನಲ್ಲಿ ಜೀಪಿನ ವೇಗ ಕಡಿಮೆ, ಬಾಡಿಯ ಗಡಗಡ ಹೆಚ್ಚು. ಬೇರಿಂಗಿನ ದನಿ ಅದರಲ್ಲಿ ಮುಳುಗಿಹೋಗುತ್ತದೆ. ನುಣುಪಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ದಾಟಿದಾಗ ಮಾತ್ರ ಅದು ಎದ್ದು ಕೇಳುತ್ತದೆ. ರಸ್ತೆ ಸುಧಾರಿಸಿದಷ್ಟೂ ಗಾಡಿಗಳು ಕೆಟ್ಟಂತೆ ತೋರುವ ವಿಚಿತ್ರ ಇದರಿಂದ ಬಂತು. ಹಾಗೆ ಕೇಳಿದ ಸದ್ದು ಬೇರಿಂಗಿನದೇ ಎಂದು ಹೇಳುವ ಮೊದಲು ಟೈರನ್ನು ಪಕ್ಕಕ್ಕಿಡಬೇಕು. ರಾಡಿಗೆಂದು ಹಾಕಿಸಿದ ದಪ್ಪ ಗಡ್ಡೆಯ ಟೈರುಗಳು ಡಾಂಬರಿನ ಮೇಲೆ ಬೇರಿಂಗಿನಂತೆಯೇ ಗುಂಯ್‌ಗುಡುತ್ತವೆ. ಆದರೆ ರಸ್ತೆಯ ಮೈ ಬದಲಾದಾಗ ಅವುಗಳ ದನಿ ಬದಲಾಗುತ್ತದೆ, ಬೇರಿಂಗಿನದು ಬದಲಾಗುವುದಿಲ್ಲ. ಮುಂದಿನ ಪರೀಕ್ಷೆ ತಿರುವಿನದು. ಖಾಲಿ ರಸ್ತೆಯಲ್ಲಿ ಗಾಡಿಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿದರೆ ಭಾರ ಬಲಗಾಲಿಗಳ ಮೇಲೆ ಬೀಳುತ್ತದೆ; ಆಗ ಸದ್ದು ಏರಿದರೆ ಬಲಗಡೆಯ ಬೇರಿಂಗಿನ ಮೇಲೆ ಗುಮಾನಿ, ಬಲಕ್ಕೆ ವಾಲಿಸಿದಾಗ ಏರಿದರೆ ಎಡಗಡೆಯದರ ಮೇಲೆ. ಟಿಮ್ಕೆನ್ ಯಾವ ಪಕ್ಕದ ಒತ್ತಡವನ್ನು ತಡೆಯಲು ರೋಲರನ್ನು ಓರೆ ಮಾಡಿದನೋ ಅದೇ ಒತ್ತಡ ಇಲ್ಲಿ ರೋಗ ಹುಡುಕುವ ಸಾಧನವಾಗುತ್ತದೆ. ಆಮೇಲೆ ಎಂಜಿನ್ನಿನ ಪರೀಕ್ಷೆ: ಗೇರು ನ್ಯೂಟ್ರಲ್ಲಿಗೆ ತಂದು ಗಾಡಿಯನ್ನು ಉರುಳಲು ಬಿಟ್ಟಾಗಲೂ ಅದೇ ದನಿ ಉಳಿದು, ಗಾಡಿ ನಿಧಾನವಾದಂತೆ ಮಾತ್ರ ಇಳಿದರೆ ಅದು ಗಾಲಿಯ ಕಡೆಯದು.

ಡಿಫರೆನ್ಷಿಯಲ್ಲಿನ ದನಿಗೆ ಬೇರೆ ಹುಟ್ಟು. ಬಂಡಿಗೆ ಇದರ ಅಗತ್ಯವೇ ಇರಲಿಲ್ಲ, ಅದರ ಗಾಲಿಗಳು ಹೇಗೂ ಬೇರೆಬೇರೆಯಾಗಿ ತಿರುಗುತ್ತಿದ್ದವು. ಅಚ್ಚೇ ಗಾಲಿಯನ್ನು ತಿರುಗಿಸಬೇಕಾದಾಗ ತಿರುವಿನ ಹೊರಗಾಲಿ ಹೆಚ್ಚು, ಒಳಗಾಲಿ ಕಡಿಮೆ ಓಡಲು ಹಲ್ಲುಗಾಲಿಗಳ ಈ ಏರ್ಪಾಟು ಬೇಕಾಯಿತು. ವಿಲ್ಲಿಸ್ ವಂಶದ ಸಿಜೆ 3ಬಿ ಜೀಪಿನಲ್ಲಿ ಎಂಜಿನ್ನಿನ ಕಡೆಯ ಸಣ್ಣ ಹಲ್ಲುಗಾಲಿಯಾದ ಪಿನಿಯನ್ನಿಗೆ 8 ಹಲ್ಲು, ಅದು ತಿರುಗಿಸುವ ದೊಡ್ಡ ಹಲ್ಲುಗಾಲಿಯಾದ ಕ್ರೌನಿಗೆ 43. ಎಂದರೆ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಪಿನಿಯನ್ ಐದಕ್ಕಿಂತ ಹೆಚ್ಚು ಸುತ್ತು ತಿರುಗಿರುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ 16 ಇಂಚು ರಿಮ್ಮಿನ ಆ ಗಾಲಿ ಸೆಕೆಂಡಿಗೆ ಹೆಚ್ಚುಕಡಿಮೆ 5 ಸುತ್ತು ಹಾಕುತ್ತದೆ, ಪಿನಿಯನ್ 27 ಸುತ್ತು, ಹಲ್ಲಿಗೆ ಹಲ್ಲು ಕೂಡುವುದು 215 ಬಾರಿ. ಇಷ್ಟು ಸಮವಾಗಿ ಸೆಕೆಂಡಿಗೆ 215 ಬಾರಿ ನಡೆಯುವ ಬಡಿತ ಕಿವಿಗೆ ಗೊರಗೊರವಾಗಿ ಕೇಳುವುದಿಲ್ಲ, ಒಂದು ಸ್ವರವಾಗಿ ಕೇಳುತ್ತದೆ. ಕ್ರೌನ್ ಪಿನಿಯನ್ ಹಾಡುತ್ತದೆ, ಬೇರಿಂಗು ಗೊರಗುಟ್ಟುತ್ತದೆ ಎಂಬ ವ್ಯತ್ಯಾಸದ ಹಿಂದೆ ಇರುವುದು ಈ ಲೆಕ್ಕ. ಜೊತೆಗೆ ಹಲ್ಲುಗಳ ದನಿ ಭಾರಕ್ಕೆ ತಕ್ಕಂತೆ ಬದಲಾಗುತ್ತದೆ: ಆಕ್ಸಿಲರೇಟರ್ ತುಳಿದಾಗ ಹಲ್ಲಿನ ಒಂದು ಮೈ, ಬಿಟ್ಟಾಗ ಇನ್ನೊಂದು ಮೈ ಕೆಲಸ ಮಾಡುವುದರಿಂದ ಎಳೆಯುವಾಗ ಮಾತ್ರ ಊಳಿಡುವ, ಬಿಟ್ಟಾಗ ಮಾತ್ರ ಊಳಿಡುವ ಗಾಡಿಗಳಿವೆ. ಎರಡರಲ್ಲೂ ಒರಟಾಗಿ ಗುರುಗುಟ್ಟಿದರೆ ಪಿನಿಯನ್ನಿನ ಬೇರಿಂಗು. ತಿರುವಿನಲ್ಲಿ ಮಾತ್ರ ಸದ್ದಾದರೆ ಒಳಗಿನ ಸಣ್ಣ ಹಲ್ಲುಗಾಲಿಗಳು. ಗಾಡಿ ಹೊರಡುವಾಗ ಒಂದೇ ಬಾರಿ ಟಣ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಇಲ್ಲವೇ ಹಲ್ಲುಗಳ ನಡುವೆ ಹೆಚ್ಚಿದ ಸಂದು.

ನಾಲ್ಕು ಗಾಲಿಯ ಎಳೆತ ಈ ಸರಳ ನಿಯಮಗಳನ್ನು ಕೆಡಿಸುತ್ತದೆ, ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವ ಭಾಗವೂ ಇದೇ. ಹಳೆಯ ಜೀಪು ಎರಡು ಗಾಲಿಯ ಎಳೆತದಲ್ಲಿ ಓಡುವಾಗಲೂ ಮುಂದಿನ ಡಿಫರೆನ್ಷಿಯಲ್ ಸುಮ್ಮನಿರುವುದಿಲ್ಲ; ಗಾಲಿಗಳೇ ಅದನ್ನು ಹಿಂದುಮುಂದಾಗಿ ತಿರುಗಿಸುತ್ತಿರುತ್ತವೆ. ಅದರ ಮೇಲೆ ಎಂಜಿನ್ನಿನ ಭಾರವಿಲ್ಲ, ಆದ್ದರಿಂದ ಅದರ ಪಿನಿಯನ್ ಬೇರಿಂಗು ಕೆಟ್ಟಿದ್ದರೆ ಆಕ್ಸಿಲರೇಟರಿಗೆ ಓಗೊಡದ, ವೇಗಕ್ಕೆ ಮಾತ್ರ ಓಗೊಡುವ ದನಿ ಹೊರಡುತ್ತದೆ. ಎಂದರೆ ಥೇಟು ಗಾಲಿಯ ಬೇರಿಂಗಿನ ಲಕ್ಷಣ. ನಿಯಮವನ್ನು ಬಾಯಿಪಾಠ ಮಾಡಿದವರು ಇಲ್ಲಿ ಮುಂದಿನ ಎರಡೂ ಹಬ್ಬು ಬಿಚ್ಚಿ, ಹೊಸ ಬೇರಿಂಗು ಹಾಕಿ, ಅದೇ ಸದ್ದನ್ನು ಮತ್ತೆ ಕೇಳುತ್ತಾರೆ. ಅರ್ಥ ತಿಳಿದವರು ಮರಳಿನ ಮೇಲೋ ಮೊರಮಿನ ಮೇಲೋ ನಾಲ್ಕು ಗಾಲಿಯ ಗೇರು ಹಾಕಿ ಮುಂದಿನ ಹೌಸಿಂಗಿಗೆ ಭಾರ ಕೊಟ್ಟು ನೋಡುತ್ತಾರೆ. ದನಿ ಬದಲಾದರೆ ಗಾಲಿ ನಿರ್ದೋಷಿ. ಡಾಂಬರಿನ ಮೇಲೆ ಈ ಪರೀಕ್ಷೆ ಸಲ್ಲದು, ಮುಂದಿನ ಹಿಂದಿನ ಗಾಲಿಗಳ ಓಟದ ವ್ಯತ್ಯಾಸ ಜಾರಲು ಎಡೆಯಿಲ್ಲದೆ ಹಲ್ಲುಗಳಿಗೇ ಬಿಗಿಯುತ್ತದೆ. ಕೈಯಿಂದ ತಿರುಗಿಸಿ ಬಿಡಿಸುವ ಹಬ್ಬುಗಳನ್ನು ಹಾಕಿಸಿದ ಗಾಡಿಯಲ್ಲಿ ಇನ್ನೂ ಸುಲಭ: ಹಬ್ಬು ಬಿಡಿಸಿದಾಗ ಮುಂದಿನ ಕ್ರೌನ್ ನಿಲ್ಲುತ್ತದೆ, ಗಾಲಿಯ ಬೇರಿಂಗು ನಿಲ್ಲುವುದಿಲ್ಲ, ಸದ್ದು ಯಾವುದರ ಜೊತೆ ಹೋಯಿತೋ ತಪ್ಪು ಅದರದು. ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿಟ್ಟು, ಮುಂದಿನ ಎಳೆತದಲ್ಲೇ ಸ್ವಲ್ಪ ದೂರ ಓಡಿಸಿ ಕೇಳುವ ದಾರಿಯೂ ಇದೆ. ಬಸ್ಸಿಗೂ ಕಾರಿಗೂ ಸಾಧ್ಯವಿಲ್ಲದ ಈ ಪರೀಕ್ಷೆ ಜೀಪಿನ ರಚನೆಯೇ ಕೊಟ್ಟದ್ದು. ಹಳ್ಳದ ಮರಳು, ಹೊಲದ ಮೊರಂ ದಾರಿ, ಪಕ್ಕದಲ್ಲೇ ಡಾಂಬರು, ಸುರಪುರದ ಗುಡ್ಡದ ಏರು, ಇವೆಲ್ಲ ಕೆಲವೇ ಕಿಲೋಮೀಟರಿನೊಳಗೆ ಸಿಗುವ ಈ ನೆಲಕ್ಕಿಂತ ಒಳ್ಳೆಯ ಪರೀಕ್ಷಾ ಮಂದಿರವನ್ನು ಯಾರೂ ಕಟ್ಟಲಾರರು.

ಕಿವಿ ಮೋಸಹೋಗುತ್ತದೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಸದ್ದು ಚಾಸಿಸ್ಸಿನ ಉಕ್ಕಿನಲ್ಲಿ ಹರಿದು ಬರುತ್ತದೆ. ಹಿಂದಿನ ಎಡಗಾಲಿಯದು ಚಾಲಕನ ಕಾಲ ಕೆಳಗಿನಿಂದ ಬಂದಂತೆ ಕೇಳಬಹುದು. ಆದರೆ ಈ ಕಸುಬು ಎಂದೂ ಬರಿಯ ಕಿವಿಯ ಮೇಲೆ ನಿಂತಿಲ್ಲ. ಓಡಿಸಿ ನಿಲ್ಲಿಸಿದ ಕೂಡಲೇ ನಾಲ್ಕು ಹಬ್ಬುಗಳ ಹತ್ತಿರ ಕೈಯೊಡ್ಡಿ ಯಾವುದು ಹೆಚ್ಚು ಬಿಸಿ ಎಂದು ನೋಡುವುದು, ಜಾಕ್ ಏರಿಸಿ ಗಾಲಿಯ ಮೇಲೆ ಕೆಳಗೆ ಹಿಡಿದು ಅಲುಗಾಡಿಸುವುದು, ಗಾಲಿ ತಿರುಗಿಸುತ್ತ ಉದ್ದನೆಯ ಸ್ಕ್ರೂಡ್ರೈವರನ್ನು ಒಂದು ತುದಿ ಹಬ್ಬಿಗೆ, ಹಿಡಿಯನ್ನು ಕಿವಿಯ ಬಳಿಯ ಎಲುಬಿಗೆ ಒತ್ತಿ ಕೇಳುವುದು, ಹಳೆಯ ಗ್ರೀಸನ್ನು ಬೆರಳಿನಲ್ಲಿ ತಿಕ್ಕಿ ಬಣ್ಣ ಮತ್ತು ಕಸರನ್ನು ನೋಡುವುದು, ಡ್ರೈನ್ ಪ್ಲಗ್ಗಿಗೆ ಅಂಟಿದ ಉಕ್ಕಿನ ಪುಡಿಯನ್ನು ಪರೀಕ್ಷಿಸುವುದು, ಇಷ್ಟೂ ಸೇರಿಯೇ ತೀರ್ಮಾನ. ಅಲುಗಾಟದಲ್ಲೂ ಬಲೆಯಿದೆ. ಮುಂದಿನ ಗಾಲಿ ಮೇಲೆ ಕೆಳಗೆ ಆಡಿದರೆ ಅದು ಹಬ್ಬಿನ ಬೇರಿಂಗೂ ಆಗಿರಬಹುದು, ಸ್ಟಿಯರಿಂಗ್ ತಿರುಗುವ ಕಿಂಗ್‌ಪಿನ್ನಿನದೂ ಆಗಿರಬಹುದು. ಒಬ್ಬರು ಬ್ರೇಕು ತುಳಿದು ಹಿಡಿದಿರುವಾಗ ಇನ್ನೊಬ್ಬರು ಅಲುಗಿಸಬೇಕು: ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್‌ಪಿನ್ನು. ಇಂಥ ಒಂದೊಂದು ಪರೀಕ್ಷೆಯೂ ಒಂದು ಕಾರಣವನ್ನು ಉಳಿಸಿ ಇನ್ನೊಂದನ್ನು ಹೊರಹಾಕುತ್ತದೆ. ಅಂದಾಜು ಎಂದರೆ ಇದಲ್ಲ. ಇಂದು ಕಂಪನ ಅಳೆಯುವ ಯಂತ್ರಗಳಿವೆ, ಅವು ಇನ್ನೂ ಬೇಗ ಗುಳಿಯನ್ನು ಹಿಡಿಯಬಲ್ಲವು, ಸಿಕ್ಕಿದರೆ ಬಳಸಲೇಬೇಕು. ಆದರೆ ಅಳತೆಯನ್ನು ಯಾವ ಭಾರದಲ್ಲಿ, ಯಾವ ನೆಲದ ಮೇಲೆ, ಯಾವ ಗೇರಿನಲ್ಲಿ ತೆಗೆಯಬೇಕು ಎಂದು ಯಂತ್ರ ಹೇಳುವುದಿಲ್ಲ. ಅದನ್ನು ಹೇಳುವುದು ಈ ವಿದ್ಯೆಯೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಬೇರಿಂಗಿನ ಭೌತಶಾಸ್ತ್ರ ಎಲ್ಲೆಡೆ ಒಂದೇ ಅಲ್ಲವೇ, ಯಾದಗಿರಿಗೂ ಮಡಿಕೇರಿಗೂ ಏನು ಭೇದ? ಪರೀಕ್ಷೆಗಳು ಒಂದೇ, ನಿಜ. ಬದಲಾಗುವುದು ಗುಮಾನಿಯ ಕ್ರಮ. ಘಟ್ಟದ ದಾರಿಯ ಜೀಪಿನಲ್ಲಿ ಮೊದಲು ನೆನಪಿಗೆ ಬರಬೇಕಾದದ್ದು ಇಳಿಜಾರಿನ ಬ್ರೇಕಿನ ಬಿಸಿ, ಸದಾ ತಿರುವಿನಲ್ಲಿ ದುಡಿಯುವ ಒಳಹಲ್ಲುಗಳು. ಇಲ್ಲಿ ಮೊದಲು ನೆನಪಿಗೆ ಬರಬೇಕಾದದ್ದು ಸೀಲು, ಬ್ರೀದರ್, ಹಾಲುಬಣ್ಣದ ಗ್ರೀಸು. ಸೀಲು ಬದಲಿಸದೆ ಬೇರಿಂಗು ಮಾತ್ರ ಬದಲಿಸಿದ ದುರಸ್ತಿ ಇಲ್ಲಿ ಮುಂದಿನ ಹಂಗಾಮಿನ ನೀರಿನವರೆಗೆ ಮಾತ್ರ ಬಾಳುತ್ತದೆ. ಹಬ್ಬಿನ ನಟ್ಟು ಬಿಗಿಯುವುದರಲ್ಲೂ ಇದೇ ವಿವೇಕ ಬೇಕು: ಗಾಲಿ ತಿರುಗಿಸುತ್ತ ಬಿಗಿಹಿಡಿಯುವವರೆಗೆ ನಟ್ಟು ತಿರುವಿ, ಆಮೇಲೆ ತುಸು ಸಡಿಲಿಸಿ, ಲಾಕ್ ವಾಷರ್ ಮಡಿಸುವುದು ಸರಿಯಾದ ಕ್ರಮ. ಆಟವೇ ಇರಬಾರದೆಂದು ಬಿಗಿದುಬಿಟ್ಟರೆ ಹಬ್ಬು ಇನ್ನೂ ಬಿಸಿಯಾಗಿ, ಹಳ್ಳಕ್ಕಿಳಿದಾಗ ಇನ್ನೂ ಹೆಚ್ಚು ನೀರೆಳೆಯುತ್ತದೆ. ಬಿಗಿಯುವಿಕೆಗೂ ಹಳ್ಳಕ್ಕೂ ಇರುವ ಈ ನಂಟು ಕೈಪಿಡಿಯ ಒಂದೇ ಪುಟದಲ್ಲಿ ಸಿಗುವಂಥದ್ದಲ್ಲ.

ಬಂಡಿಯ ಕಾಲದ ಕಿವಿಯೇ ಜೀಪಿಗೂ ಮುಂದುವರಿಯಿತು, ಕಸುಬಿನ ಪರಂಪರೆ ಎಲ್ಲೂ ತುಂಡಾಗಲಿಲ್ಲ ಎಂಬ ಮಾತು ಕೇಳಲು ಹಿತವಾಗಿದೆ. ಕೈಯ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಬೆಸುಗೆ, ತಟ್ಟುವಿಕೆ, ಅಳತೆಯ ಕಣ್ಣು ಕುಲುಮೆಯಿಂದ ಗ್ಯಾರೇಜಿಗೆ ಸಲೀಸಾಗಿ ಬರಬಲ್ಲವು. ಕಿವಿಯ ವಿಷಯದಲ್ಲಿ ಮಾತ್ರ ಅದನ್ನು ಒಪ್ಪಲಾರೆ. ಬಂಡಿ ಕಲಿಸಿದ ತಾಳ್ಮೆ, ಕೂಗಲಿ ಆಮೇಲೆ ನೋಡೋಣ ಎಂಬ ತಾಳ್ಮೆ, ಜೀಪಿನ ಮೇಲೆ ಪ್ರಯೋಗಿಸಿದರೆ ಹಬ್ಬು ಸುಟ್ಟು, ಬೇರಿಂಗು ಪುಡಿಯಾಗಿ, ಗಾಲಿಯೇ ಕಳಚಿಹೋದೀತು. ಸದ್ದನ್ನು ಅಡಗಿಸುವ ಆಸೆಯೂ ಅದೇ ಹಳೆಯ ನಂಬಿಕೆಯ ಕುಡಿ. ಡಿಫರೆನ್ಷಿಯಲ್ಲಿಗೆ ಅಗತ್ಯಕ್ಕಿಂತ ದಪ್ಪನೆಯ ಎಣ್ಣೆಯನ್ನೋ, ಮಾರುವ ಮುನ್ನ ಮರದ ಹೊಟ್ಟನ್ನೋ ತುಂಬಿ ದನಿ ಮುಚ್ಚುವುದು ಹಳೆಯ ಗಾಡಿಗಳ ವ್ಯಾಪಾರ ಇರುವ ಕಡೆಯೆಲ್ಲ ಗೊತ್ತಿರುವ ಕೈಚಳಕ. ಸದ್ದು ನಿಂತರೆ ರೋಗ ನಿಂತಿತು ಎಂದು ಕೊಳ್ಳುವವರು ನಂಬಿದಷ್ಟು ದಿನ ಅದು ನಡೆಯುತ್ತದೆ. ಜೀಪುಗಳು, ಆಮೇಲೆ ಟ್ರ್ಯಾಕ್ಸ್ ಮತ್ತು ಕ್ರೂಸರುಗಳು ಇಲ್ಲಿನ ಹಳ್ಳಿಗಳಿಂದ ಸಂತೆಗೆ, ಆಸ್ಪತ್ರೆಗೆ, ಜಾತ್ರೆಗೆ ಜನರನ್ನು ಸೀಟಿಗೂ ಮೀರಿ ಹೊತ್ತು ನಡೆದ ಕಾಲದಲ್ಲಿ ಆ ನಂಬಿಕೆಗೆ ಪ್ರಾಣಗಳೇ ಒತ್ತೆಯಾಗಿದ್ದವು. ಹಿಂದಿನ ಆಕ್ಸಲಿನ ಬೇರಿಂಗು ಗೊರಗುಟ್ಟುವ ಗಾಡಿಯ ಹಿಂಬದಿಯಲ್ಲೇ ಹೆಚ್ಚು ಜನ ಜೋತುಬಿದ್ದಿರುತ್ತಾರೆ ಎಂಬುದನ್ನು ಮರೆಯಲಾಗದು.

ಜೇವ‌ರ್ಗಿಯಿಂದ ಶಹಾಪುರ, ಸುರಪುರಗಳನ್ನು ಹಾದು ದಕ್ಷಿಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಈಗ ಈ ಸೀಮೆಯ ಬೆನ್ನೆಲುಬು. 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯಲ್ಲಿ ಹೊಸ ಕಾರುಗಳೇ ಹೆಚ್ಚು. ಅವುಗಳಲ್ಲಿ ಹಲವುಗಳ ಹಬ್ಬಿನಲ್ಲಿ ಬಿಚ್ಚಿ ಗ್ರೀಸು ತುಂಬಲಾಗದ, ಪೂರ್ತಿ ಮುಚ್ಚಿದ ಬೇರಿಂಗು. ಕೆಟ್ಟರೆ ಇಡಿಯಾಗಿ ಎಸೆದು ಹೊಸದು ಹಾಕುವುದು. ಹಾಗೆಂದು ಕಪ್ಪು ಕೋನುಗಳ ಕಾಲ ಮುಗಿದಿಲ್ಲ. ಭತ್ತದ ಸುಗ್ಗಿಯಲ್ಲಿ ಕಾಲುವೆಯ ಏರಿಗಳ ಮೇಲೆ ಸಾಲುಗಟ್ಟುವ ಟ್ರ್ಯಾಕ್ಟರ್ ಟ್ರೇಲರುಗಳ ಗಾಲಿಯಲ್ಲಿ, ಮರದ ಗಾಲಿ ಬಿಟ್ಟು ರಬ್ಬರ್ ಟೈರಿಗೆ ಬದಲಾದ ಎತ್ತಿನ ಬಂಡಿಗಳ ಗಾಲಿಯಲ್ಲಿ ಇರುವುದು ಅದೇ ಮೊನಚು ರೋಲರುಗಳ ಜೋಡಿ, ಅದೇ ಸೀಲು, ಅದೇ ಗ್ರೀಸು. ಟ್ರೇಲರಿನ ಸದ್ದು ಟ್ರ್ಯಾಕ್ಟರಿನ ಎಂಜಿನ್ನಿನ ಅಬ್ಬರದಲ್ಲಿ ಚಾಲಕನಿಗೆ ಕೇಳುವುದೇ ಇಲ್ಲ, ಆದ್ದರಿಂದ ಅಲ್ಲಿ ಕಿವಿಯನ್ನು ನಂಬಿ ಕೂರುವುದಕ್ಕೆ ಆಸ್ಪದವೇ ಇಲ್ಲ. ಗದ್ದೆಯ ನೀರಿನಿಂದ ಮೇಲೆ ಬಂದ ಟ್ರೇಲರನ್ನು ಹಂಗಾಮು ಮುಗಿದ ಕೂಡಲೇ ಜಾಕಿನ ಮೇಲೆ ಏರಿಸಿ, ಹಬ್ಬಿನ ಮುಚ್ಚಳ ತೆಗೆದು, ಗ್ರೀಸಿನ ಬಣ್ಣ ನೋಡಿ, ಹಾಲುಬಣ್ಣವಿದ್ದರೆ ಬೇರಿಂಗು ತೊಳೆದು ಒಣಗಿಸಿ ಹೊಸ ಸೀಲು ಹಾಕಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಇದನ್ನು ಮಾಡಿದರೆ ಬಟ್ಟಲಿನ ಮೇಲೆ ಆ ಕಪ್ಪು ಗೆರೆಗಳು ಮೂಡುವುದಿಲ್ಲ.